ಮೂರು ವರ್ಷ, ಹನ್ನೊಂದು ಕರೆ: ಬೀ ಮೈ ಐಸ್ ಆ್ಯಪ್ ಬಗ್ಗೆ

ಮೊದಲ ಕರೆ ಬಂದಾಗ ನಾನು ಬಟ್ಟೆ ಮಡಚುತ್ತಾ ಕೂತಿದ್ದೆ. ರಿಂಗ್ ಬೇರೆ ತರ ಕೇಳಿಸಿತು, ಮಾಮೂಲಿ ಕರೆಯ ಸದ್ದಲ್ಲ. ಫೋನ್ ಎತ್ತಿ ನೋಡಿದರೆ ಹೆಸರಿಲ್ಲ, ನಂಬರ್ ಇಲ್ಲ, ಯಾರಿಗೋ ಸಹಾಯ ಬೇಕಾಗಿದೆ ಅಂತ ಮಾತ್ರ ಇತ್ತು. ಆ್ಯಪ್ ಹಾಕಿಕೊಂಡು ಐದು ತಿಂಗಳಾಗಿತ್ತು, ಅದೊಂದು ಫೋನಿನಲ್ಲಿದೆ ಅನ್ನೋದೇ ಮರೆತುಹೋಗಿತ್ತು. ಎದೆ ಡವಗುಟ್ಟಿತು. ಒತ್ತಿದೆ.

ಮೊದಲು ಕಂಡಿದ್ದು ಯಾರದೋ ಮನೆಯ ಸೂರು. ಆಮೇಲೆ ತೆರೆಯ ತುಂಬ ಒಂದು ಹೆಬ್ಬೆರಳು. "ಹಲೋ, ಯಾರಾದ್ರೂ ಇದ್ದೀರಾ?" ಅಂತ ವಯಸ್ಸಾದ ಹೆಂಗಸಿನ ದನಿ. "ಇದ್ದೀನಿ ಅಮ್ಮ, ಹೇಳಿ" ಅಂದೆ. ಅವರ ಕೈಯಲ್ಲಿ ಮುಲಾಮಿನ ಎರಡು ಟ್ಯೂಬ್ ಇದ್ದವು. ಒಂದೇ ಅಳತೆ, ಮುಚ್ಚಳವೂ ಒಂದೇ ತರ. ಒಂದು ಕಣ್ಣಿಗೆ ಹಾಕೋದು, ಇನ್ನೊಂದು ಚರ್ಮಕ್ಕೆ ಹಚ್ಚೋದು. ಯಾವುದು ಕಣ್ಣಿನದು, ಅದರ ಅವಧಿ ಮುಗಿದಿದೆಯಾ, ಇಷ್ಟೇ ಅವರ ಪ್ರಶ್ನೆ.

ಹೆಸರು ಓದೋದು ಸುಲಭವಾಗಿತ್ತು. ತಾರೀಖು ಹುಡುಕಲು ಒದ್ದಾಡಿದೆವು. ಟ್ಯೂಬಿನ ಬಾಲದಲ್ಲಿ ಮಡಚಿ ಒತ್ತಿದ ಚಪ್ಪಟೆ ಅಂಚು ಇರುತ್ತದಲ್ಲ, ತಾರೀಖು ಅಲ್ಲಿತ್ತು, ಅದೂ ಶಾಯಿ ಇಲ್ಲದೆ ಬರೀ ಅಚ್ಚೊತ್ತಿದ್ದು. ಬೆಳಕು ಓರೆಯಾಗಿ ಬಿದ್ದರಷ್ಟೇ ಅಕ್ಷರ ಏಳುತ್ತದೆ. "ಕಿಟಕಿ ಎಲ್ಲಿದೆ ಅಮ್ಮ? ಆ ಕಡೆ ತಿರುಗಿ. ಟ್ಯೂಬನ್ನ ಸ್ವಲ್ಪ ಹಿಂದಕ್ಕೆ ವಾಲಿಸಿ. ಇನ್ನೂ ಸ್ವಲ್ಪ. ಹಾಂ, ಹಾಗೇ ಇರಲಿ." ಅಂಕಿಗಳು ಒಂದೊಂದಾಗಿ ಕಂಡವು. ಅವಧಿ ಮುಗಿಯಲು ಇನ್ನೂ ಏಳು ತಿಂಗಳಿತ್ತು. ಅವರು ಕಣ್ಣಿನ ಟ್ಯೂಬಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಕೊಂಡರು, ಮುಂದಿನ ಸಲ ಬೆರಳಿಗೇ ಗೊತ್ತಾಗಲಿ ಅಂತ. "ಒಳ್ಳೇದಾಗ್ಲಿ ಕಣಮ್ಮ" ಅಂದು ಇಟ್ಟರು. ಎಲ್ಲ ಸೇರಿ ಮೂರು ನಿಮಿಷವೂ ಆಗಿರಲಿಲ್ಲ. ನಾನು ಮಾತ್ರ ಅರ್ಧ ಮಡಚಿದ ಟವೆಲ್ ಹಿಡಿದುಕೊಂಡು ತುಂಬ ಹೊತ್ತು ಹಾಗೇ ಕೂತಿದ್ದೆ. ಅವರಿಗೆ ನಾನು ಥ್ಯಾಂಕ್ಸ್ ಹೇಳಬೇಕಿತ್ತು ಅನ್ನಿಸಿತು. ಯಾಕೆ ಅಂತ ಆಗ ಗೊತ್ತಾಗಲಿಲ್ಲ, ಈಗ ಸ್ವಲ್ಪ ಗೊತ್ತಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಬೀ ಮೈ ಐಸ್ ಅಂದರೆ "ನನ್ನ ಕಣ್ಣಾಗು" ಅಂತ. ಕಣ್ಣು ಕಾಣದವರು ಅಥವಾ ಕಡಿಮೆ ಕಾಣುವವರು ಈ ಆ್ಯಪಿನಲ್ಲಿ ಒಂದು ಬಟನ್ ಒತ್ತಿದರೆ, ಎಲ್ಲೋ ಇರುವ ಒಬ್ಬ ಸ್ವಯಂಸೇವಕರಿಗೆ ವಿಡಿಯೋ ಕರೆ ಹೋಗುತ್ತದೆ. ಅವರ ಫೋನಿನ ಹಿಂದಿನ ಕ್ಯಾಮೆರಾ ತೋರಿಸಿದ್ದು ನಮಗೆ ಕಾಣುತ್ತದೆ, ನಾವು ನೋಡಿ ಹೇಳುತ್ತೇವೆ. ಅಷ್ಟೇ ಕೆಲಸ. ಎರಡೂ ಕಡೆಯವರಿಗೆ ಪೂರ್ತಿ ಉಚಿತ. ಕಣ್ಣು ಕಾಣದವರು ಸ್ಮಾರ್ಟ್‌ಫೋನ್ ಹೇಗೆ ಬಳಸುತ್ತಾರೆ ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ತೆರೆಯ ಮೇಲೆ ಬೆರಳಾಡಿಸಿದ ಹಾಗೆ ಅಲ್ಲಿರುವುದನ್ನು ಫೋನೇ ಗಟ್ಟಿಯಾಗಿ ಓದುತ್ತದೆ. ಐಫೋನಿನಲ್ಲಿ ವಾಯ್ಸ್‌ಓವರ್ 2009ರಿಂದಲೇ ಇದೆ, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಇದೆ. ಫೋನಿನ ಒಳಗಿರೋದನ್ನು ಫೋನ್ ಓದಿಬಿಡುತ್ತದೆ. ಉಳಿಯೋದು ಹೊರಗಿರೋದು: ಟ್ಯೂಬಿನ ಬಾಲ, ವಾಷಿಂಗ್ ಮೆಷಿನ್ನಿನ ಮೇಲೆ ಮಿಣುಕುವ ಚಿಕ್ಕ ದೀಪ, ಅಂಚೆಯಲ್ಲಿ ಬಂದ ಲಕೋಟೆ.

ಇದನ್ನು ಶುರು ಮಾಡಿದವರು ಹಾನ್ಸ್ ಯೋರ್ಗನ್ ವೀಬರ್ಗ್, ಡೆನ್ಮಾರ್ಕಿನವರು, ಪೀಠೋಪಕರಣ ಮಾಡುವ ಕುಶಲಕರ್ಮಿ. ಅವರಿಗೂ ದೃಷ್ಟಿ ಕಡಿಮೆ. ಅವರ ಅಂಧ ಸ್ನೇಹಿತರೊಬ್ಬರು ಸಣ್ಣಪುಟ್ಟ ಕೆಲಸಕ್ಕೆ ಮನೆಯವರಿಗೆ, ಸ್ನೇಹಿತರಿಗೆ ವಿಡಿಯೋ ಕರೆ ಮಾಡಿ ಕೇಳುತ್ತಿದ್ದರಂತೆ. ಪ್ರತಿ ಸಲವೂ ನಮ್ಮವರಿಗೇ ತೊಂದರೆ ಕೊಡಬೇಕಲ್ಲ, ಬದಲಿಗೆ ಆ ಹೊತ್ತಿಗೆ ಬಿಡುವಾಗಿರುವ ಯಾರನ್ನಾದರೂ ಕೇಳುವಂತಿದ್ದರೆ ಹೇಗೆ ಅನ್ನೋದು ವೀಬರ್ಗ್ ಅವರ ಯೋಚನೆ. 2012ರಲ್ಲಿ ಆರ್ಹುಸ್ ನಗರದ ಒಂದು ಸ್ಟಾರ್ಟಪ್ ಕಾರ್ಯಕ್ರಮದಲ್ಲಿ ಅದನ್ನು ಮುಂದಿಟ್ಟರು. 2015ರ ಜನವರಿಯಲ್ಲಿ ಐಫೋನಿಗೆ ಆ್ಯಪ್ ಬಂತು, 2017ರಲ್ಲಿ ಆಂಡ್ರಾಯ್ಡ್‌ಗೂ ಬಂತು. ಈಗ ಸ್ವಯಂಸೇವಕರ ಸಂಖ್ಯೆ 80 ಲಕ್ಷ ದಾಟಿದೆ, 150ಕ್ಕೂ ಹೆಚ್ಚು ದೇಶಗಳಲ್ಲಿ ಜನ ಬಳಸುತ್ತಾರೆ.

"ನಮ್ಮವರಿಗೇ ತೊಂದರೆ ಕೊಡಬೇಕಲ್ಲ" ಅನ್ನುವ ಆ ಮಾತಿನಲ್ಲೇ ಈ ಆ್ಯಪಿನ ಜೀವ ಇದೆ ಅಂತ ನನಗೆ ಅನ್ನಿಸುತ್ತದೆ. ನಮ್ಮ ಭಾಷೆಯಲ್ಲಿ ಅದಕ್ಕೊಂದು ಸರಿಯಾದ ಪದವೇ ಇದೆ: ಹಂಗು. ಹಂಗಿನ ಅರಮನೆಗಿಂತ ಗುಡಿಸಲೇ ಲೇಸು ಅನ್ನುತ್ತೇವೆ. ಸಹಾಯ ಪಡೆದವರ ಮೇಲೆ ಸಹಾಯದ ಜೊತೆಗೇ ಒಂದು ಭಾರ ಬಂದು ಕೂರುತ್ತದೆ. ಒಂದು ಸಲ ಆದರೆ ಪರವಾಗಿಲ್ಲ. ದಿನಕ್ಕೆ ಹತ್ತು ಸಲ, ವರ್ಷಗಟ್ಟಲೆ, ಅದೇ ಮಗನನ್ನು, ಅದೇ ಪಕ್ಕದ ಮನೆಯವರನ್ನು "ಇದೊಂಚೂರು ನೋಡಿ ಹೇಳ್ತೀರಾ" ಅಂತ ಕೇಳಬೇಕಾದರೆ?

ನನಗೆ ಇದನ್ನು ಬಿಡಿಸಿ ಹೇಳಿದ್ದು ನನ್ನ ಜೊತೆ ಕೆಲಸ ಮಾಡುವ ಒಬ್ಬ ಗೆಳೆಯ. ಹುಟ್ಟಿನಿಂದ ಅವನಿಗೆ ಕಣ್ಣು ಕಾಣುವುದಿಲ್ಲ. ಈ ಆ್ಯಪನ್ನು ನನಗೆ ತೋರಿಸಿದವನೂ ಅವನೇ. "ಅಮ್ಮನನ್ನ ಕೇಳಿದರೆ ಅಮ್ಮ ಖಂಡಿತ ಬರ್ತಾಳೆ" ಅಂದ ಅವನು ಒಮ್ಮೆ. "ಮಾಡ್ತಿರೋ ಕೆಲಸ ಬಿಟ್ಟು ಬರ್ತಾಳೆ. ಅವಳು ಎದ್ದು ಬರೋ ಸದ್ದು ನನಗೆ ಕೇಳಿಸುತ್ತೆ ನೋಡು, ಮಂಡಿ ಹಿಡ್ಕೊಂಡು ಏಳೋದು, ಒಂದು ಉಸಿರು ಬಿಡೋದು. ಆ ಸದ್ದು ಕೇಳಬಾರದು ಅಂತ ಎಷ್ಟೋ ಸಲ ನಾನು ಕೇಳೋದೇ ಬಿಟ್ಟಿದ್ದೀನಿ. ಎರಡು ಬೇರೆ ಬೇರೆ ಕಾಲುಚೀಲ ಹಾಕ್ಕೊಂಡು ಹೋಗಿದ್ದೀನಿ." ಆ್ಯಪಿನಲ್ಲಿ ಕರೆ ಎತ್ತುವವರು ತಾವಾಗೇ ಎತ್ತುತ್ತಾರೆ. ಬಿಡುವಿಲ್ಲದವರು ಎತ್ತುವುದಿಲ್ಲ, ಇನ್ನೊಬ್ಬರು ಎತ್ತುತ್ತಾರೆ. ಯಾರ ಕೆಲಸವನ್ನೂ ನಾನು ಕೆಡಿಸಲಿಲ್ಲ ಅನ್ನುವ ಸಮಾಧಾನ ಅವನಿಗೆ ಸಿಗುತ್ತದಂತೆ. ನಾಳೆ ಅದೇ ಮನುಷ್ಯನ ಮುಖ ಎದುರಿಸಬೇಕಿಲ್ಲ. ಥ್ಯಾಂಕ್ಸ್ ಅಂದರೆ ಲೆಕ್ಕ ಚುಕ್ತಾ.

ತಂತ್ರಜ್ಞಾನದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ದೊಡ್ಡದೇನೂ ಇಲ್ಲ. ವಿಡಿಯೋ ಕರೆ ಎಲ್ಲ ಫೋನಿನಲ್ಲೂ ಇದೆ. ಆದರೆ ಆ ಕರೆಯ ಸುತ್ತ ಇವರು ಕಟ್ಟಿರೋ ವ್ಯವಸ್ಥೆ ಎಷ್ಟು ಸೂಕ್ಷ್ಮ ಅನ್ನೋದು ಬಳಸುತ್ತಾ ಬಂದ ಹಾಗೆ ಗೊತ್ತಾಯಿತು. ಕರೆ ಒಬ್ಬರಿಗೇ ಹೋಗುವುದಿಲ್ಲ. ಅದೇ ಭಾಷೆಯವರಲ್ಲಿ, ಆ ಹೊತ್ತಿಗೆ ಹಗಲಾಗಿರುವ ಕಡೆಯವರಲ್ಲಿ, ಹಲವರಿಗೆ ಒಟ್ಟಿಗೆ ರಿಂಗ್ ಆಗುತ್ತದೆ. ಯಾರು ಮೊದಲು ಒತ್ತುತ್ತಾರೋ ಅವರಿಗೆ ಸಿಗುತ್ತದೆ. ನಾನು ಸ್ನಾನದಲ್ಲಿದ್ದೆ, ಮೀಟಿಂಗಿನಲ್ಲಿದ್ದೆ, ಎತ್ತಲಾಗಲಿಲ್ಲ ಅಂದರೆ ಪಾಪಪ್ರಜ್ಞೆ ಬೇಡ. ಮತ್ತೊಬ್ಬರು ಎತ್ತಿರುತ್ತಾರೆ. ಮೊದಮೊದಲು ನನಗೆ ಕರೆ ತಪ್ಪಿದರೆ ತುಂಬ ಸಂಕಟ ಆಗುತ್ತಿತ್ತು. ಫೋನಿನ ಹತ್ತಿರ ಓಡಿ ಹೋಗುವಷ್ಟರಲ್ಲಿ "ಬೇರೆಯವರು ಉತ್ತರಿಸಿದ್ದಾರೆ" ಅಂತ ಬಂದಿರುತ್ತಿತ್ತು. ಈಗ ಅದನ್ನು ಓದಿದರೆ ಖುಷಿಯಾಗುತ್ತದೆ. ನನಗೆ ಗೊತ್ತೇ ಇಲ್ಲದ ಯಾರೋ ನನಗಿಂತ ಎರಡು ಸೆಕೆಂಡ್ ಮುಂಚೆ ಓಡಿದ್ದಾರೆ ಅಲ್ವಾ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಕರೆ ಬರೋದು ಬಹಳ ಕಡಿಮೆ. ಸ್ವಯಂಸೇವಕರು ಹತ್ತು ಜನ ಇದ್ದರೆ ಸಹಾಯ ಕೇಳುವವರು ಸುಮಾರು ಒಬ್ಬರು, ಲೆಕ್ಕ ಹಾಗಿದೆ. ನನಗೆ ಮೂರು ವರ್ಷದಲ್ಲಿ ಸಿಕ್ಕಿದ್ದು ಹನ್ನೊಂದು ಕರೆ. ಆ್ಯಪ್ ಹಾಕಿಕೊಂಡು ಒಂದು ವಾರ ಕಾದು, ಏನೂ ಬರಲಿಲ್ಲ ಅಂತ ತೆಗೆದುಹಾಕಿದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಇಷ್ಟು ಜನ ಸಾಲಾಗಿ ಕಾಯುತ್ತಾ ಇರುವುದರಿಂದಲೇ ಆ ಕಡೆ ಬಟನ್ ಒತ್ತಿದವರಿಗೆ ಬೇಗ ಒಬ್ಬರು ಸಿಗುತ್ತಾರೆ. ನೀವು ಸುಮ್ನೆ ಇದ್ದರೂ ಆ ಸಾಲಿನಲ್ಲಿ ಒಬ್ಬರಾಗಿರುತ್ತೀರಿ. ಹತ್ತಕ್ಕೆ ಒಬ್ಬರು ಅನ್ನುವ ಆ ಅಂಕಿಯನ್ನೇ ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಜನ ಕೆಟ್ಟುಹೋಗಿದ್ದಾರೆ, ಯಾರಿಗೂ ಯಾರೂ ಇಲ್ಲ ಅಂತ ದಿನಾ ಕೇಳುತ್ತೇವೆ. ಇಲ್ಲಿ ನೋಡಿದರೆ ಉಪಕಾರ ಮಾಡಲು ಕಾದು ನಿಂತವರ ಸಾಲೇ ಉದ್ದ.

ಇದಕ್ಕೆ ಸಂಬಂಧಪಟ್ಟ ಒಂದು ಸಂಶೋಧನೆಯೂ ಇದೆ. ಶುವಾನ್ ಝಾವೊ ಮತ್ತು ನಿಕೊಲಸ್ ಎಪ್ಲಿ ಅನ್ನುವ ಇಬ್ಬರು ಮನೋವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ್ದು. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಇಟ್ಟುಕೊಂಡು ಆರು ಪ್ರಯೋಗ ಮಾಡಿದರು. ಒಂದರಲ್ಲಿ, ಗೊತ್ತಿಲ್ಲದವರ ಹತ್ತಿರ ಹೋಗಿ "ನಂದೊಂದು ಫೋಟೋ ತೆಗೆದುಕೊಡ್ತೀರಾ" ಅಂತ ಕೇಳಬೇಕಿತ್ತು. ಕೇಳುವ ಮುಂಚೆ, ಅವರಿಗೆ ಎಷ್ಟು ಕಿರಿಕಿರಿ ಆಗಬಹುದು, ಎಷ್ಟು ಮನಸ್ಸಿನಿಂದ ಮಾಡಿಕೊಟ್ಟಾರು ಅಂತ ಅಂದಾಜು ಮಾಡಬೇಕು. ಕೇಳುವವರ ಅಂದಾಜು ತಪ್ಪಿತ್ತು. ಇವರು ಅಂದುಕೊಂಡದ್ದಕ್ಕಿಂತ ಜಾಸ್ತಿ ಮನಸ್ಸಿನಿಂದ ಆ ಗೊತ್ತಿಲ್ಲದವರು ಸಹಾಯ ಮಾಡಿದರು, ಮಾಡಿ ಜಾಸ್ತಿ ಖುಷಿಯೂ ಪಟ್ಟರು. ಗೆಳೆಯನಿಗೆ ಇದನ್ನು ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಮ್ಮನ ಆ ಉಸಿರಿಗೂ ಬೇರೆ ಅರ್ಥ ಇದ್ದಿರಬಹುದು" ಅಂದ.

ಇನ್ನು ಈ ಆ್ಯಪ್ ನನಗೆ ಕಲಿಸಿದ್ದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಒಳ್ಳೆ ಮನಸ್ಸೊಂದಿದ್ದರೆ ಸಾಕು ಅಂತ ನಾನೂ ಅಂದುಕೊಂಡಿದ್ದೆ.

ಗೆಳೆಯನ ಪರಿಚಯವಾದ ಹೊಸದರಲ್ಲಿ ಒಂದು ದಿನ ಮೆಟ್ಟಿಲ ಹತ್ತಿರ ಅವನ ಕೈ ಹಿಡಿದು ಎಳೆದಿದ್ದೆ. ಬೀಳುತ್ತಾನೇನೋ ಅಂತ ಭಯ. ಅವನು ನಿಜಕ್ಕೂ ಮುಗ್ಗರಿಸಿದ, ನಾನು ಎಳೆದದ್ದಕ್ಕೇ. ಆಮೇಲೆ ನಿಧಾನವಾಗಿ ಹೇಳಿಕೊಟ್ಟ: ಮೊದಲು ಕೇಳು, ಬೇಕು ಅಂದರೆ ನಿನ್ನ ಮೊಣಕೈ ಕೊಡು, ನಾನು ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರುತ್ತೇನೆ, ನಿನ್ನ ಮೈ ಏರಿದ್ದು ಇಳಿದದ್ದು ನನಗೆ ಗೊತ್ತಾಗುತ್ತದೆ. ರಸ್ತೆ ಬದಿ ಸುಮ್ಮನೆ ನಿಂತಿದ್ದಾಗ ಯಾರೋ ಬಂದು ರಟ್ಟೆ ಹಿಡಿದು ಆಚೆ ದಡ ಸೇರಿಸಿ ಹೋಗಿದ್ದಾರಂತೆ. ಅವನು ದಾಟಬೇಕು ಅಂತಲೇ ಇರಲಿಲ್ಲ, ಗೆಳೆಯರಿಗಾಗಿ ಕಾಯುತ್ತಿದ್ದ. ಅದೂ ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು. ಆದರೆ ಕೇಳದೆ ಮಾಡಿದ ಉಪಕಾರ ಅದು, ಅವನಿಗೆ ಅದರಿಂದ ತೊಂದರೆಯೇ ಆಯಿತು.

ಆ್ಯಪಿನಲ್ಲಿ ಹೀಗಾಗಲು ಅವಕಾಶವೇ ಇಲ್ಲ. ಕರೆ ಶುರು ಮಾಡೋದು ಅವರು. ಏನು ಬೇಕು ಅಂತ ಹೇಳೋದು ಅವರು. ಸಾಕಾದಾಗ ನಿಲ್ಲಿಸೋದೂ ಅವರೇ. ನಾವಾಗಿ ಅವರಿಗೆ ಕರೆ ಮಾಡಲು ಆಗುವುದೇ ಇಲ್ಲ. ಕೇಳಿದಾಗ, ಕೇಳಿದಷ್ಟು. ಈ ಎರಡು ಮಾತು ನನಗೆ ಮನೆಯಲ್ಲೂ ಆಫೀಸಿನಲ್ಲೂ ಎಷ್ಟು ಉಪಯೋಗಕ್ಕೆ ಬಂದಿವೆ ಅಂದರೆ, ಅದರ ಬಗ್ಗೆ ಬೇರೆಯೇ ಬರೆಯಬಹುದು.

ಕರೆ ಬಂದಾಗ ನೆನಪಿಡಬೇಕಾದ ಕೆಲವು ಇವೆ. "ಅಲ್ಲಿ", "ಇಲ್ಲಿ", "ಆ ಕಡೆ" ಅನ್ನೋದು ಕೆಲಸಕ್ಕೆ ಬರುವುದಿಲ್ಲ. ನಾನು ಇದನ್ನು ಮೂರನೇ ಕರೆಯಲ್ಲಿ ಕಲಿತೆ. ಒಬ್ಬರ ಕಿವಿಯೋಲೆ ನೆಲಕ್ಕೆ ಬಿದ್ದಿತ್ತು. ನನಗೆ ಅದು ಮಂಚದ ಕಾಲಿನ ಪಕ್ಕದಲ್ಲೇ ಚೆನ್ನಾಗಿ ಕಾಣುತ್ತಿದೆ, "ಅಲ್ಲೇ ಇದೆ ಮೇಡಂ, ಅಲ್ಲೇ" ಅಂತ ಮೂರು ಸಲ ಅಂದೆ, ಅವರ ಕೈ ಅದರ ಸುತ್ತ ಎಲ್ಲ ಕಡೆ ಓಡಾಡಿತು. ಕೊನೆಗೆ ಅವರೇ ಹೇಳಿದರು: "ನನ್ನ ಕೈಯನ್ನ ಗಡಿಯಾರದ ನಡು ಅಂದ್ಕೊಳಿ, ಎಷ್ಟು ಗಂಟೆ ಕಡೆ ಇದೆ ಹೇಳಿ." ಎರಡು ಗಂಟೆ ಕಡೆ, ಒಂದು ಗೇಣು ದೂರ ಅಂದೆ. ಕೈ ನೇರ ಹೋಗಿ ಅದರ ಮೇಲೆ ಕೂತಿತು. ಅವರ ಬೆರಳು ಮೊದಲು ತಿರುಪನ್ನು ಮುಟ್ಟಿ, ಆಮೇಲೆ ಹರಳನ್ನು ಸವರಿ, ಇದೇ ಅಂತ ಖಾತ್ರಿ ಮಾಡಿಕೊಂಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಔಷಧಿ, ತಾರೀಖು, ಅಂಕಿ ವಿಷಯದಲ್ಲಿ ಅಂದಾಜು ಬೇಡವೇ ಬೇಡ. 3 ಇರಬಹುದು, 8 ಇರಬಹುದು ಅನ್ನಿಸಿದರೆ ಹಾಗೇ ಹೇಳಿ. "ಸರಿಯಾಗಿ ಕಾಣ್ತಿಲ್ಲ" ಅನ್ನೋದು ಕೂಡ ಒಳ್ಳೆ ಉತ್ತರವೇ. "ಪಾಪ" ಅನ್ನಬೇಡಿ. ಯಾವಾಗಿಂದ ಕಣ್ಣು ಕಾಣಲ್ಲ, ಮನೇಲಿ ಯಾರ್ಯಾರಿದ್ದಾರೆ, ಇವೆಲ್ಲ ನಮಗೆ ಬೇಡದ ವಿಷಯ, ಅವರಾಗಿ ಹೇಳಿದರೆ ಬೇರೆ ಮಾತು. ನಡೆದುಕೊಂಡು ಹೋಗುವವರಿಗೆ ಈಗ ದಾಟಿ, ಈಗ ನಿಲ್ಲಿ ಅಂತ ದಾರಿ ತೋರಿಸೋದಕ್ಕೆ ಈ ಆ್ಯಪ್ ಇಲ್ಲ. ಬಿಳಿ ಕೋಲಿನ ಬದಲಿಗೆ, ತರಬೇತಾದ ನಾಯಿಯ ಬದಲಿಗೆ ಇದನ್ನು ಬಳಸಬಾರದು. ಕಂಪನಿಯವರೇ ಇದನ್ನು ಸ್ಪಷ್ಟವಾಗಿ ಹೇಳುತ್ತಾರೆ.

ಬಳಸುವ ಕಡೆಯವರಿಗೂ ಒಂದು ಮಾತು. ಸ್ವಯಂಸೇವಕರು ಅಂದರೆ ಯಾರು ಬೇಕಾದರೂ ಆಗಬಹುದು. ತರಬೇತಿ ಇಲ್ಲ, ಸಂದರ್ಶನ ಇಲ್ಲ. ಅದೇ ಇದರ ಬಲ, ಎಚ್ಚರ ಇರಬೇಕಾದ್ದೂ ಅಲ್ಲೇ. ಬ್ಯಾಂಕ್ ಕಾರ್ಡು, ಪಾಸ್‌ವರ್ಡು, ವಿಳಾಸ ಇರುವ ಕಾಗದ ಇಂಥವನ್ನು ಗೊತ್ತಿಲ್ಲದವರ ಮುಂದೆ ಹಿಡಿಯಬಾರದು, ಅಷ್ಟು ಮಟ್ಟಿಗೆ ನಮ್ಮವರನ್ನೇ ಕೇಳುವುದು ಒಳ್ಳೆಯದು. ನನ್ನ ಗೆಳೆಯ ಕರೆ ಮಾಡುವ ಮುಂಚೆ ಮೇಜಿನ ಮೇಲಿರುವುದನ್ನೆಲ್ಲ ಒಂದು ಸಲ ಸವರಿ ನೋಡಿ, ಬೇಡದ್ದನ್ನು ಡ್ರಾಯರಿಗೆ ಹಾಕುತ್ತಾನೆ.

2023ರಲ್ಲಿ ಇದೇ ಆ್ಯಪಿಗೆ ಬೀ ಮೈ ಎಐ ಅನ್ನೋದು ಸೇರಿತು. ಶುರುವಾದಾಗ ಓಪನ್‌ಎಐ ಕಂಪನಿಯ ಜಿಪಿಟಿ-4 ಅನ್ನುವ ಎಐ ಅದರ ಹಿಂದೆ ಇತ್ತು. ಫೋಟೋ ತೆಗೆದರೆ ಅದರಲ್ಲಿ ಏನಿದೆ ಅಂತ ಬರೆದು ಹೇಳುತ್ತದೆ, ಮತ್ತೆ ಪ್ರಶ್ನೆ ಕೇಳಿದರೂ ಉತ್ತರಿಸುತ್ತದೆ. ಆಗ ನನಗೆ ಸ್ವಲ್ಪ ಬೇಜಾರಾಯಿತು, ಇನ್ನು ನಮಗೆ ಕರೆ ಬರೋದೇ ಇಲ್ಲವೇನೋ ಅಂತ. ಗೆಳೆಯನನ್ನು ಕೇಳಿದೆ. ಅವನು ಈಗ ಹೆಚ್ಚಾಗಿ ಅದನ್ನೇ ಬಳಸುತ್ತಾನೆ. ರಾತ್ರಿ ಎರಡು ಗಂಟೆಗೂ ಕೇಳಬಹುದು, ಒಂದೇ ವಿಷಯ ಇಪ್ಪತ್ತು ಸಲ ಕೇಳಬಹುದು, ಅದರ ಮುಂದೆ ಸಂಕೋಚವೇ ಇಲ್ಲ. ಆ ಮಾತು ಕೇಳಿದ ಮೇಲೆ ನನ್ನ ಬೇಜಾರು ಹೋಯಿತು. ಅವನಿಗೆ ಸುಲಭವಾಗಲಿ ಅಂತ ತಾನೇ ನಾವೆಲ್ಲ ಇರೋದು.

ಹಾಗಿದ್ದರೂ ಕೆಲವಕ್ಕೆ ಅವನು ಮನುಷ್ಯರನ್ನೇ ಕರೆಯುತ್ತಾನೆ. ಎಐ ತಪ್ಪು ಓದಬಹುದು, ಇಲ್ಲದ್ದನ್ನು ಇದೆ ಅನ್ನಬಹುದು, ಅದಕ್ಕೇ ಔಷಧಿ ವಿಷಯಕ್ಕೆ ಅದನ್ನು ನೆಚ್ಚಬಾರದು. ಕ್ಯಾಮೆರಾ ತಿರುಗಿಸುತ್ತಾ "ಇನ್ನೂ ಸ್ವಲ್ಪ ಎಡಕ್ಕೆ" ಅಂತ ಹುಡುಕುವ ಕೆಲಸ ಇದ್ದರೂ ಮನುಷ್ಯರೇ ವಾಸಿ ಅನ್ನುತ್ತಾನೆ. ಮತ್ತೊಂದು ಅವನೇ ಹೇಳಿದ್ದು. ಸಂದರ್ಶನಕ್ಕೆ ಹೋಗುವ ದಿನ ಅಂಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತು ಕರೆ ಮಾಡಿದ್ದನಂತೆ, ಕಾಲರ್ ಸರಿ ಇದೆಯಾ ಅಂತ ಕೇಳಲು. ಆ ಕಡೆ ಒಬ್ಬ ಗಂಡಸು. ಕಾಲರ್ ಸರಿ ಇದೆ, ಎಡ ತೋಳಿನ ಗುಂಡಿ ಬಿಚ್ಚಿದೆ ಅಂದ. ಆಮೇಲೆ ಒಂದು ಕ್ಷಣ ಸುಮ್ಮನಿದ್ದು, "ನೀವು ತುಂಬ ಚೆನ್ನಾಗಿ ಕಾಣ್ತಿದ್ದೀರಿ ಸರ್, ಧೈರ್ಯವಾಗಿ ಹೋಗಿ ಬನ್ನಿ" ಅಂದನಂತೆ. ಆ ಕೆಲಸ ಸಿಕ್ಕಿತು. ಆ ಸುದ್ದಿ ಹೇಳಿ ಥ್ಯಾಂಕ್ಸ್ ಅನ್ನೋಣ ಅಂದರೆ ಆ ಮನುಷ್ಯ ಯಾರು ಅಂತ ಗೊತ್ತಿಲ್ಲ, ಹುಡುಕಲೂ ಆಗುವುದಿಲ್ಲ. "ಆ ಥ್ಯಾಂಕ್ಸ್ ಇನ್ನೂ ನನ್ನ ಹತ್ತಿರವೇ ಇದೆ" ಅಂತ ಅವನು ಹೇಳುತ್ತಿರುತ್ತಾನೆ. ಆಫೀಸಿಗೆ ಹೊಸದಾಗಿ ಯಾರೇ ಬಂದರೂ ಮೊದಲ ದಿನ ಅವರ ಜೊತೆ ಹೋಗಿ ಕೂರುವವನು ಅವನೇ.

ಆ್ಯಪ್ ಉಚಿತ ಅಂದರೆ ದುಡ್ಡು ಎಲ್ಲಿಂದ ಅಂತ ಅನುಮಾನ ಬರುವುದು ಸಹಜ, ನನಗೂ ಬಂದಿತ್ತು. ಮೈಕ್ರೋಸಾಫ್ಟ್‌ನಂಥ ಕಂಪನಿಗಳು ತಮ್ಮ ಅಂಧ ಗ್ರಾಹಕರಿಗೆ ಇದೇ ಆ್ಯಪಿನ ಮೂಲಕ ನೆರವು ಕೊಡುತ್ತವೆ, ಅದಕ್ಕೆ ಆ ಕಂಪನಿಗಳು ಹಣ ಕೊಡುತ್ತವೆ. ಕೇಳುವವರಿಂದಲೂ ನಮ್ಮಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಹಾಕಿಕೊಳ್ಳುವುದು ಎರಡು ನಿಮಿಷದ ಕೆಲಸ: ಸ್ವಯಂಸೇವಕ ಅಂತ ಆರಿಸಿ, ಭಾಷೆ ಆರಿಸಿ, ನೋಟಿಫಿಕೇಶನ್‌ಗೆ ಅನುಮತಿ ಕೊಟ್ಟರೆ ಮುಗಿಯಿತು. ಎರಡು ಮೂರು ಭಾಷೆ ಬರುವವರು ಅಷ್ಟನ್ನೂ ಸೇರಿಸಿ. ನನ್ನ ಕಡೆಯಿಂದ ಐದಕ್ಕೆ ಐದು.

ಹನ್ನೊಂದು ಕರೆಯಲ್ಲಿ ಎಲ್ಲವೂ ಹೇಳಿಕೊಳ್ಳುವಂಥವಲ್ಲ. ಎರಡು ಸಲ ಮಾತು ಕೇಳಿಸುವ ಮುಂಚೆಯೇ ಕಟ್ ಆಯಿತು. ಒಂದು ಸಲ ಒಬ್ಬ ಹುಡುಗ, "ಅಕ್ಕಾ, ಏನೂ ಬೇಡ, ಇವತ್ತೇ ಹಾಕ್ಕೊಂಡೆ, ನಿಜವಾಗ್ಲೂ ಯಾರಾದ್ರೂ ಎತ್ತುತ್ತಾರಾ ಅಂತ ನೋಡಿದೆ" ಅಂದ. ಎತ್ತುತ್ತೇವೆ ಅಂದೆ. ನಕ್ಕು ಇಟ್ಟ. ಆ ನಗು ಆ ದಿನವೆಲ್ಲ ನನ್ನ ಕಿವಿಯಲ್ಲಿತ್ತು. ಕಂಪ್ಯೂಟರಿನ ದನಿ ನಿಂತುಹೋಗಿ ತೆರೆಯ ಮೇಲೆ ಏನು ಬಂದಿದೆ ಅಂತ ಗೊತ್ತಾಗದೆ ಒಬ್ಬರು ಕರೆ ಮಾಡಿದ್ದರು, ಅಪ್‌ಡೇಟ್ ಆಗುತ್ತಿತ್ತು, ಶೇಕಡಾ 40 ಆಗಿತ್ತು, ಕಾಯಿರಿ ಅಂದೆ, ಅಷ್ಟೇ.

ಒಂದು ಕರೆ ಮಾತ್ರ ಮರೆಯಲು ಆಗುವುದಿಲ್ಲ. ಒಬ್ಬ ಹಿರಿಯರು ಹುಟ್ಟುಹಬ್ಬದ ಕಾರ್ಡ್ ಓದಿಸಿಕೊಂಡರು. ಮೊಮ್ಮಗಳು ಕೈಯಲ್ಲೇ ಬರೆದದ್ದು. ಫೋನಿನ ಓದುವ ದನಿಗೆ ಆ ಮಕ್ಕಳ ಅಕ್ಷರ ಅರ್ಥವಾಗಿರಲಿಲ್ಲ. ಮನೆಯಲ್ಲಿ ಮಗ ಇದ್ದ, ಕೇಳಿದ್ದರೆ ಅವನೇ ಓದಿ ಹೇಳುತ್ತಿದ್ದ, ಆದರೆ ಅವನ ಮುಂದೆ ಓದಿಸಿಕೊಳ್ಳಲು ಅವರಿಗೆ ಇಷ್ಟ ಇರಲಿಲ್ಲ. ಯಾಕೆ ಅಂತ ಓದುತ್ತಾ ಹೋದಾಗ ನನಗೆ ತಿಳಿಯಿತು. ಅದರಲ್ಲಿ ಏನಿತ್ತು ಅಂತ ಇಲ್ಲಿ ಬರೆಯುವುದಿಲ್ಲ, ಅದು ಅವರದು. ಒಂದು ಸಾಲು ಇನ್ನೊಂದು ಸಲ ಓದಿ ಅಂದರು. ಓದಿದೆ. ಕಾರ್ಡಿನ ಮೂಲೆಯಲ್ಲಿ ಏನಾದರೂ ಚಿತ್ರ ಇದೆಯಾ ಅಂದರು. ನೀಲಿ ಬಣ್ಣದ ಪೆನ್ಸಿಲ್‌ನಲ್ಲಿ ಬರೆದ ಹಕ್ಕಿ ಇದೆ, ಒಂದು ರೆಕ್ಕೆ ದೊಡ್ಡದು, ಒಂದು ಚಿಕ್ಕದು ಅಂದೆ. ಅವರ ಬೆರಳು ಆ ಮೂಲೆಗೆ ಬಂತು. ಪೆನ್ಸಿಲ್ ಒತ್ತಿ ಬರೆದಿದ್ದರೆ ಗೆರೆ ಬೆರಳಿಗೆ ಸಿಗುತ್ತದೆ. ಸಿಕ್ಕಿತು ಅನ್ನಿಸುತ್ತದೆ, ಯಾಕೆಂದರೆ ಬೆರಳು ದೊಡ್ಡ ರೆಕ್ಕೆಯ ಅಂಚಿನುದ್ದಕ್ಕೂ ಹೋಗಿ ತುದಿಯಲ್ಲಿ ನಿಂತಿತು.

ಅಂಥ ಒಂದು ಗಳಿಗೆಗೆ ಮುಖ ಪರಿಚಯವೇ ಇಲ್ಲದ ನನ್ನನ್ನು ಕರೆದರಲ್ಲ. ಆವತ್ತು ನಾನು ಮರೆಯದೆ ಥ್ಯಾಂಕ್ಸ್ ಹೇಳಿದೆ. "ನೀವ್ಯಾಕಮ್ಮ ಹೇಳ್ತೀರಿ" ಅಂದರು.

ಹನ್ನೊಂದನೆಯದು ಹೋದ ತಿಂಗಳು ಬಂತು, ರಾತ್ರಿ ಎಂಟು ದಾಟಿರಬೇಕು. ಎತ್ತಿದೆ. ತೆರೆ ಪೂರ್ತಿ ಕಪ್ಪು. ನನ್ನ ಫೋನೇ ಕೆಟ್ಟಿತಾ ಅಂದುಕೊಂಡೆ. "ಹಲೋ ಮೇಡಂ, ಏನಾದ್ರೂ ಕಾಣ್ತಿದೆಯಾ?" ಅಂತ ಒಬ್ಬ ಗಂಡಸಿನ ದನಿ.

"ಇಲ್ಲ ಸರ್, ಏನೂ ಕಾಣ್ತಿಲ್ಲ. ಕ್ಯಾಮೆರಾ ಮೇಲೆ ಬೆರಳಿದೆಯಾ ನೋಡಿ."

"ಇಲ್ಲ, ಬೆರಳಿಲ್ಲ. ಫೋನ್ ಮೇಲಕ್ಕೆ ಹಿಡಿದಿದ್ದೀನಿ. ಮನೆಗೆ ಬಂದೋರು ಈಗ ಹೊರಟರು, ದೀಪ ಆರಿಸಿದ್ದಾರಾ ಇಲ್ವಾ ಅಂತ ಗೊತ್ತಾಗ್ತಿಲ್ಲ. ಎರಡು ಕಡೆ ಸ್ವಿಚ್ಚು, ಮುಟ್ಟಿದರೆ ತಿಳಿಯಲ್ಲ. ಹಳೆ ಬಲ್ಬ್ ಆಗಿದ್ರೆ ಹತ್ರ ಕೈ ಹಿಡಿದ್ರೆ ಬಿಸಿ ಇರ್ತಿತ್ತು, ಈ ಎಲ್‌ಇಡಿ ತಣ್ಣಗಿರುತ್ತೆ."

ಸುತ್ತ ಒಂದು ಸಲ ತಿರುಗಿಸಿ ಅಂದೆ. ತಿರುಗಿಸಿದರು. ಎಲ್ಲ ಕಡೆಯೂ ಕತ್ತಲೆ, ಒಂದು ಮೂಲೆಯಲ್ಲಿ ಮಾತ್ರ ಏನೋ ಯಂತ್ರದ ಕೆಂಪು ಚುಕ್ಕಿ.

"ಆರಿದೆ ಸರ್. ಪೂರ್ತಿ ಕತ್ತಲೆ."

"ಹಾಗಾದ್ರೆ ಸರಿ" ಅಂದರು. "ತುಂಬ ಥ್ಯಾಂಕ್ಸ್ ಮೇಡಂ. ಗುಡ್ ನೈಟ್."